ಯಾರೂ ಕಾಲಿಡದ ಮೆಟ್ಟಿಲು

ನಲವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವಳು ನಾನು. ಬೈಯುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ಅಕ್ಟೋಬರಿನಲ್ಲಿ ನಮ್ಮ ಓಲ್ಶಿನೆಟ್ಸ್ ಊರಿನ ಅರ್ಧ ಮನೆಗಳ ಬಾಗಿಲಲ್ಲಿ ನಿಂತು ಬೈದೆ.

ಕಾರಣ ಕಲಿನಾ. ಲುಬ್ಲಿನ್ ಪಟ್ಟಣದಿಂದ ಕ್ಯಾಮೆರಾ ಹೊತ್ತು ಬಂದ ಹುಡುಗಿ. ನಮ್ಮೂರಿನ ಯಹೂದಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಯುದ್ಧಕ್ಕೆ ಮುಂಚೆ ಊರಿನಲ್ಲಿ ಅರ್ಧಕ್ಕರ್ಧ ಅವರೇ ಇದ್ದರು. ದರ್ಜಿಗಳು, ರೊಟ್ಟಿ ಸುಡುವವರು, ಕುದುರೆ ಮಾರುವವರು. ಒಂದು ಬೆಳಿಗ್ಗೆ ಜರ್ಮನರು ಎಲ್ಲರನ್ನೂ ಸಂತೆ ಮೈದಾನಕ್ಕೆ ಎಳೆದು ತಂದು ರೈಲಿಗೆ ತುಂಬಿದರು. ತಿರುಗಿ ಬಂದವರು ಇಬ್ಬರು, ಅವರೂ ಇಲ್ಲಿ ನಿಲ್ಲಲಿಲ್ಲ.

ಅವರ ಸ್ಮಶಾನ ಈಗ ಬರೀ ಹುಲ್ಲು. ಗೋರಿಕಲ್ಲುಗಳನ್ನು ಮೊದಲು ಜರ್ಮನರು ಕಿತ್ತು ರಸ್ತೆಗೆ ಹಾಸಿದರು. ಉಳಿದದ್ದನ್ನು ಯುದ್ಧ ಮುಗಿದ ಮೇಲೆ ನಮ್ಮವರೇ ಮನೆ, ಕೊಟ್ಟಿಗೆ ಕಟ್ಟಲು ಒಯ್ದರು. ಇದು ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

"ಒಂದೇ ಒಂದು ಕಲ್ಲು ಸಿಕ್ಕಿದ್ರೆ ಸಾಕು ಟೀಚರ್," ಎಂದಿದ್ದಳು ಕಲಿನಾ. "ಒಂದು ಹೆಸರು. ಅದಿಲ್ದೆ ಸಿನಿಮಾ ಮುಗಿಸಿದ್ರೆ ಜನಕ್ಕೆ ಹುಲ್ಲು ತೋರಿಸಿದ ಹಾಗಾಗುತ್ತೆ, ಅಷ್ಟೆ."

"ಹುಡುಕಿ ಕೊಡ್ತೀನಿ. ನನ್ನ ಮಾತು ಅಂದ್ರೆ ಮಾತು," ಎಂದೆ.

ಕ್ಯಾಮೆರಾ ಮುಂದೆ ಕೂತವರು ಮೊದಲು ತಮ್ಮ ಹೆಸರು, ಯಾರ ಮಕ್ಕಳು, ಎಷ್ಟನೇ ನಂಬರಿನ ಮನೆ ಎಂಬುದನ್ನು ಹೇಳಬೇಕು. ಈ ನಿಯಮ ಮಾಡಿದ್ದೂ ನಾನೇ. ಹೆಸರು ಹೇಳಲು ತಡವರಿಸಿದವರನ್ನು ಹೇಡಿಗಳು ಎಂದು ಜರೆದೆ. ಮನೆಮನೆಗೆ ಹೋಗಿ ಕೊಟ್ಟಿಗೆ ತೋರಿಸಿ, ಬಾವಿಕಟ್ಟೆ ತೋರಿಸಿ ಎಂದು ಪೀಡಿಸಿದೆ. ಬೇಕರಿಯ ಓತಿಲಿಯಾ ಬಾಗಿಲು ಹಾಕಿಕೊಳ್ಳುತ್ತಾ, "ನಮ್ಮ ಕೊಟ್ಟಿಗೆ ಬಿಡಿ ಟೀಚರಮ್ಮಾ, ನಿಮ್ಮಪ್ಪನ ಮನೆ ನೋಡ್ಕೊಳ್ಳಿ ಹೋಗಿ!" ಎಂದಳು. ನನಗೆ ಮೈಯೆಲ್ಲ ಉರಿಯಿತು. ನಮ್ಮಪ್ಪ ಗಾಡಿಚಕ್ರ ಮಾಡುತ್ತಿದ್ದ ಬಡಗಿ, ಕಲ್ಲಿಗೂ ಅವರಿಗೂ ಏನು ಸಂಬಂಧ?

ಹದಿನೈದು ದಿನ ಅಲೆದರೂ ಒಂದು ಚೂರೂ ಸಿಗಲಿಲ್ಲ. ಕೊನೆಯ ದಿನ ಭಾನುವಾರ. ಅಪ್ಪನ ಮನೆಯಲ್ಲಿ ಈಗ ಅಣ್ಣ ಝೆನೋನ್ ಮತ್ತು ಅವನ ಮಗಳು ಇದ್ದಾರೆ. ನಾವೆಲ್ಲ ಆ ಮನೆಯಿಂದ ಇಗರ್ಜಿಗೆ ಹೊರಡುವುದನ್ನು ಕಲಿನಾ ಚಿತ್ರಿಸಿಕೊಂಡಳು. ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಎಲೆಕೋಸಿನ ಸೂಪು ಆರುತ್ತಿತ್ತು. ಅವಳು ಅದೇ ಚಿತ್ರವನ್ನು ಮೂರು ಸಲ ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡಿದಳು.

"ಟೀಚರ್, ಬಾಗಿಲ ಮುಂದಿನ ಮೆಟ್ಟಿಲು ತುಳೀದೆ ಎಲ್ರೂ ದಾಟ್ತೀರಲ್ಲ, ಯಾಕೆ?"

"ನಮ್ಮನೆ ಅಭ್ಯಾಸ ಅದು. ತುಳಿದ್ರೆ ಅಪ್ಪ ಕೆನ್ನೆಗೆ ಬಾರಿಸ್ತಿದ್ರು."

"ಕಾಲಿಡಬಾರದು ಅಂದ್ರೆ ಮೆಟ್ಟಿಲು ಯಾಕೆ ಹಾಕ್ಸಿದ್ರು?"

ನನ್ನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಅರವತ್ತು ವರ್ಷ ಆ ಕಲ್ಲನ್ನು ದಾಟಿದ್ದೇನೆ, ಒಂದು ದಿನವೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ನನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿತ್ತು, ಪಕ್ಕದೆಲೆಯ ನೊಣ ಹುಡುಕುತ್ತಿದ್ದೆ. ಥೂ ನನ್ನ ಜನ್ಮಕ್ಕೆ!

ಕಲಿನಾಳನ್ನು ಕರೆದುಕೊಂಡು ಸೀದಾ ಅಣ್ಣನ ಮನೆಗೆ ಹೋದೆ. ಅವನು ಬಾಗಿಲು ತೆರೆದ.

"ಒಳಗೆ ಬಾ ಲುದ್ವಿಕಾ. ಹೊಸ್ತಿಲಾಚೆ ನಿಂತು ಮಾತಾಡಿದ್ರೆ ಜಗಳ ಆಗುತ್ತೆ."

"ಆಗ್ಲಿ. ಜಗಳಕ್ಕೇ ಬಂದಿದೀನಿ. ಹಾರೆ ಕೊಡು."

"ಯಾಕೆ?"

"ಈ ಮೆಟ್ಟಿಲು ಎಬ್ಬಿಸ್ಬೇಕು."

ಅಣ್ಣನ ಮುಖ ಬಿಳಿಚಿಕೊಂಡಿತು. "ನಿಂಗೇನು ತಲೆ ಕೆಟ್ಟಿದೆಯಾ? ಅಪ್ಪ ಸತ್ತು ಇಪ್ಪತ್ತು ವರ್ಷ ಆಯ್ತು. ಸತ್ತೋರ ಮಾನ ಕಳೀತೀಯಾ?"

"ಇದರಡಿ ಯಾರ ಹೆಸರಿದೆಯೋ ಅವರೂ ಸತ್ತೋರೇ ಅಣ್ಣಾ."

"ನಾಳೆ ಊರೋರು ಮುಖಕ್ಕೆ ಉಗೀತಾರೆ."

"ಉಗೀಲಿ. ನಾನು ಅವರ ಬಾಗಿಲಲ್ಲಿ ಉಗಿದದ್ದೇನು ಕಮ್ಮೀನಾ?"

ಅವನು ಕದಲಲಿಲ್ಲ. ನಾನೇ ಕೊಟ್ಟಿಗೆಗೆ ಹೋಗಿ ಹಾರೆ ತಂದೆ. ಕಲ್ಲಿನ ಸಂದಿಗೆ ತುರುಕಿ ಮೀಟಿದೆ. ಅರವತ್ತೆಂಟರ ಸೊಂಟ, ಕಟಕ್ ಎಂದಿತು. ಕಲ್ಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಲಿನಾ ಸಹಾಯಕ್ಕೆ ಬರಲೆಂದು ಕ್ಯಾಮೆರಾ ಕೆಳಗಿಡಹೋದಳು. "ಅದನ್ನ ಬಿಡಬೇಡ, ಹಿಡ್ಕೊಂಡಿರು!" ಎಂದು ಗದರಿ ಮತ್ತೆ ಮೀಟಿದೆ. ಮೂರನೇ ಸಲಕ್ಕೆ ನನ್ನ ಕೈಮೇಲೆ ಇನ್ನೊಂದು ಕೈ ಬಂತು. ಝೆನೋನ್. ಹಾರೆ ಕಸಿದುಕೊಂಡು ತಾನೇ ಮೀಟಿದ.

ಕಲ್ಲು ಮಗುಚಿತು. ಒದ್ದೆ ಮಣ್ಣು, ಎರೆಹುಳು. ನಾನು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೊಣಕಾಲೂರಿ ಒರೆಸಿದೆ. ಮೊದಲು ಕಂಡದ್ದು ಕೆತ್ತಿದ ಮೇಣದಬತ್ತಿಗಳು, ಅವುಗಳ ಕೆಳಗೆ ಹೀಬ್ರೂ ಅಕ್ಷರ. ಮಳೆ ಬೀಳದೆ, ಕಾಲು ತಾಗದೆ ನಿನ್ನೆ ಕೆತ್ತಿದಂತಿದ್ದವು. ಆ ಲಿಪಿ ಕಲಿತಿದ್ದ ಕಲಿನಾ ಬಗ್ಗಿ ಮೆಲ್ಲಗೆ ಓದಿದಳು.

"ಫ್ರೂಮೆತ್. ಮೋರ್ದೆಖೈ ಮಗಳು."

ಎಲ್ಲಿತ್ತೋ ಅಳು, ಬಂದುಬಿಟ್ಟಿತು. ಈ ಹೆಂಗಸಿನ ಹೆಸರನ್ನು ಮಣ್ಣಿಗೆ ಅದುಮಿಟ್ಟು ನಾವು ಸೂಪು ಕುಡಿದಿದ್ದೆವು, ಮದುವೆ ಮಾಡಿದ್ದೆವು, ಹಾಡಿದ್ದೆವು.

ಕಲಿನಾ ನನ್ನ ಭುಜ ಹಿಡಿದಳು. "ಟೀಚರ್, ಯಾರ ಮನೇಲಿ ಸಿಕ್ತು ಅಂತ ಹೇಳೋದು ಬೇಡ ಅಂದ್ರೆ ಹೇಳಲ್ಲ. ಊರಲ್ಲಿ ಸಿಕ್ತು ಅಂದ್ರೂ ನಡೆಯುತ್ತೆ."

ನಿಜ ಹೇಳುತ್ತೇನೆ, ಆಸೆಯಾಯಿತು. ಅಪ್ಪನ ಸುತ್ತಿಗೆಯ ಸದ್ದು, ನನ್ನನ್ನು ಹೆಗಲ ಮೇಲೆ ಹೊತ್ತದ್ದು, ಎಲ್ಲ ಕಣ್ಣ ಮುಂದೆ ಬಂತು. ಆದರೆ ಊರವರಿಗೊಂದು ನ್ಯಾಯ, ನನಗೊಂದು ನ್ಯಾಯವೇ? ಕಣ್ಣೊರೆಸಿಕೊಂಡು ಎದ್ದು ಕ್ಯಾಮೆರಾಕ್ಕೆ ಮುಖ ಕೊಟ್ಟೆ.

"ನನ್ನ ಹೆಸರು ಲುದ್ವಿಕಾ. ವಿತೊಲ್ಡ್ ಮಗಳು. ಈ ಹದಿನೇಳನೇ ನಂಬರ್ ಮನೆಯವಳು. ಈ ಕಲ್ಲು ತಂದದ್ದು ನಮ್ಮಪ್ಪ."

ಅಣ್ಣ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಹಾರೆಯನ್ನು ಗೋಡೆಗೊರಗಿಸಿದ, ಟೋಪಿ ತೆಗೆದ, ಬಂದು ನನ್ನ ಪಕ್ಕ ನಿಂತ.

"ಝೆನೋನ್. ವಿತೊಲ್ಡ್ ಮಗ. ಅದೇ ಮನೆ," ಎಂದ. ಟೋಪಿಯನ್ನು ಕೈಯಲ್ಲಿ ಹಿಂಡಿದ. "ಅಪ್ಪ ಕೈಗಾಡಿ ಎಳೀತಿದ್ರು. ಹಿಂದಿನಿಂದ ತಳ್ಳಿದ್ದು ನಾನು. ಆಗ ನಂಗೆ ಎಂಟು ವರ್ಷ."