ಒಂದು ಗಂಟೆಗೆ ಬ್ಲೇಡು ನಿಲ್ಲುತ್ತದೆ

ಪ್ರೆಸ್ಸಿನಲ್ಲಿ ನನ್ನನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷದಿಂದ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತಿದ್ದೇನೆ. ಅಳತೆಯ ಪಟ್ಟಿ ನೋಡುವ ಮೊದಲೇ ಕಟ್ಟು ಸೊಟ್ಟಗಿದೆಯೋ ನೆಟ್ಟಗಿದೆಯೋ ನನ್ನ ಅಂಗೈಗೆ ಗೊತ್ತಾಗುತ್ತದೆ. ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಬೆರಳು ತೋರಿಸಿರಲಿಲ್ಲ. ಹಾಗಾಗಿ ಆ ಮಂಗಳವಾರ ಪರೀಕ್ಷೆಯ ಉತ್ತರಪತ್ರಿಕೆಗಳ ಇಡೀ ಕಟ್ಟನ್ನು ಎರಡು ಬೆರಳು ಒಳಗೆ ಕತ್ತರಿಸಿದಾಗ, ಯಂತ್ರವೇ ಕೆಟ್ಟಿರಬೇಕೆಂದು ಎಲ್ಲರೂ ಅಂದುಕೊಂಡರು. ಕೆಟ್ಟಿದ್ದು ಯಂತ್ರವಲ್ಲ.

ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಮೊದಲು ಎರಡು ಬೇರೆ ಬೇರೆ ಮಾತ್ರೆ ಇದ್ದವು, ಒಂದು ದೊಡ್ಡದು, ಇನ್ನೊಂದು ಉಗುರಿನಷ್ಟೂ ಇಲ್ಲದ ಚಿಕ್ಕದು. ಹಿಂದಿನ ವಾರ ಡಾಕ್ಟರಮ್ಮ ಎರಡನ್ನೂ ಬಿಡಿಸಿ ಒಂದೇ ಹೊಸ ಮಾತ್ರೆ ಬರೆದುಕೊಟ್ಟರು. "ಎರಡು ಔಷಧಿನೂ ಇದ್ರಲ್ಲೇ ಇದೆ. ಹಳೇದು ನಿಲ್ಲಿಸಿಬಿಡಿ" ಎಂದಿದ್ದರು. ನಾನು ತಲೆಯಾಡಿಸಿ ಬಂದಿದ್ದೆ.

ಆದರೆ ನಮ್ಮ ಪ್ರೆಸ್ಸಿನಲ್ಲಿ ಒಂದು ಕಟ್ಟಳೆ ಇದೆ. ಹಳೆಯ ಕಾಗದ ಮುಗಿಯದೆ ಹೊಸ ಕಟ್ಟು ಒಡೆಯುವಂತಿಲ್ಲ. ತೀರಾ ಅವಸರವಿದ್ದರೆ ಉಳಿದ ಅರ್ಧ ರೀಮನ್ನು ಹೊಸದರ ಜೊತೆ ಸೇರಿಸಿಯೇ ಓಡಿಸಬೇಕು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ ಕೈ ಮನೆಯಲ್ಲಿ ಮಾತ್ರ ಬೇರೆ ಬುದ್ಧಿ ಕಲಿಯುತ್ತದೆಯೇ? ಚಿಕ್ಕ ಮಾತ್ರೆಯ ಒಂದೂವರೆ ಪಟ್ಟಿ ಉಳಿದಿತ್ತು. ಅದನ್ನು ಎಸೆಯಲು ಮನಸ್ಸು ಬರಲಿಲ್ಲ. ದಿನಾ ಬೆಳಿಗ್ಗೆ ತಿಂಡಿಯ ಜೊತೆ ಹೊಸದೊಂದು, ಹಳೆಯದೊಂದು ನುಂಗತೊಡಗಿದೆ. ಅದು ಜಾಣತನ ಅಂತಲೇ ಅಂದುಕೊಂಡಿದ್ದೆ.

ಅಂದು ಉತ್ತರಪತ್ರಿಕೆಯ ಕೆಲಸ ತಲೆಯ ಮೇಲೆ ಕೂತಿತ್ತು. ಒಂದು ಗಂಟೆಯ ಊಟ ಒಂದೂವರೆಯಾಯಿತು, ಎರಡೂ ಆಯಿತು. ಯಜಮಾನರು ಮೂರು ಸಲ ಬಂದು "ಇದೊಂದು ಕಟ್ಟು ಮುಗಿಸಿಬಿಡಿ ಅಕ್ಕ" ಎಂದರು. ಮೊದಲು ಸಿಟ್ಟು ಬಂತು. ಅದು ನನಗೆ ಹೊಸದಲ್ಲ. ಆಮೇಲೆ ಬೆನ್ನಿನಲ್ಲಿ ಬೆವರು ಕಿತ್ತುಕೊಂಡು ಬಂತು. ಬೆರಳು ನಡುಗಿದವು, ಅಳತೆಯ ಗೆರೆ ಒಂದಿದ್ದದ್ದು ಎರಡಾಯಿತು. ಬ್ಲೇಡು ಇಳಿಯಿತು. ಕಟ್ಟು ಹಾಳಾಯಿತು. ನಾನು ಇದ್ದಲ್ಲೇ ಕುಸಿದು ಕೂತೆ.

ಕಾಗದ ಮಡಿಸುವ ಮಡಿಕೆ ಮೇಜಿನ ಹೆಂಗಸು ಓಡಿ ಬಂದು ಸಕ್ಕರೆ ಕಲಸಿದ ನೀರು ಕುಡಿಸಿದಳು. ಅವಳೂ ಮುದ್ರಣದ ಮೇಸ್ತ್ರಿಯೂ ನನ್ನ ಎರಡು ರಟ್ಟೆ ಹಿಡಿದು ಅದೇ ಬೀದಿಯಲ್ಲಿದ್ದ ಡಾಕ್ಟರಮ್ಮನ ದವಾಖಾನೆಗೆ ನಡೆಸಿಕೊಂಡು ಹೋದರು. ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರು. ಸಕ್ಕರೆ ಕುಡಿದ ಮೇಲೂ ನಲವತ್ತೆಂಟು.

"ಬೆಳಿಗ್ಗೆ ಏನೇನು ನುಂಗಿದ್ರಿ?"

ಹೇಳಿದೆ. ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಅಮ್ಮಾ, ಆ ಚಿಕ್ಕ ಮಾತ್ರೆ ಇದೆಯಲ್ಲ, ನೀವು ಊಟ ಮಾಡಿದ್ರೂ ಮಾಡದೇ ಇದ್ರೂ ಅದು ಸಕ್ಕರೆ ಇಳಿಸ್ತಾನೇ ಇರುತ್ತೆ. ಹೊಸದ್ರಲ್ಲಿ ಅದೇ ಇದೆ. ಅದ್ರ ಮೇಲೆ ಇನ್ನೊಂದು ಹಾಕ್ಕೊಂಡ್ರಿ, ಊಟಾನೂ ಮಾಡ್ಲಿಲ್ಲ. ಬ್ಲೇಡ್ ಕೆಳಗೆ ಕೈ ಇದ್ದಿದ್ರೆ?"

 ಅಷ್ಟು ಹೊತ್ತು ನಾನು ಹಾಳಾದ ಕಾಗದದ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ.

ಅವರು ಮತ್ತೆ ಸಿಹಿ ಕುಡಿಸಿದರು, ಊಟ ಮಾಡಿಸಿದರು. ಸಂಖ್ಯೆ ಏರಿದ ಮೇಲೂ ಮನೆಗೆ ಬಿಡಲಿಲ್ಲ. ಏರಿದ ಸಕ್ಕರೆಯನ್ನು ಈ ಔಷಧಿ ಮತ್ತೆ ಇಳಿಸಬಹುದು ಎಂದು ರಾತ್ರಿ ಅಲ್ಲೇ ಉಳಿಸಿಕೊಂಡು ಆಗಾಗ ಚುಚ್ಚಿ ನೋಡಿದರು. ಬೆಳಿಗ್ಗೆ ಕಳಿಸುವ ಮುಂಚೆ ನನ್ನ ಕಿವಿ ಹಿಂಡಿದ ಹಾಗೆ ಒಂದೊಂದಾಗಿ ಹೇಳಿದರು: ಮಾತ್ರೆ ಊಟತಿಂಡಿಯ ಜೊತೆಗೇ. ಮರೆತರೆ ಮರುದಿನ ಎರಡು ನುಂಗುವುದಿಲ್ಲ. ವಾಂತಿಭೇದಿಯಾಗಿ ಏನೂ ತಿನ್ನಲಾಗದಿದ್ದರೆ ಮಾತ್ರೆಗೆ ಕೈ ಹಾಕುವ ಮೊದಲು ಅವರಿಗೆ ಫೋನು. ಕೊನೆಯಲ್ಲಿ ನಕ್ಕು, "ಇದು ನಿಧಾನವಾಗಿ ಕರಗೋ ಮಾತ್ರೆ. ನಿಮಗೆ ಕತ್ತರಿಸೋ ಚಟ ಇರುತ್ತೆ, ಇದನ್ನ ಮಾತ್ರ ಕತ್ತರಿಸ್ಬೇಡಿ" ಎಂದರು. ಎರಡು ವಾರ ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಿ ಬರೆದಿಡಬೇಕು, ಅಲ್ಲಿಯವರೆಗೆ ಬ್ಲೇಡಿನ ಹತ್ತಿರ ಸುಳಿಯಬಾರದು. ಒಪ್ಪಿಕೊಂಡೆ. ತಪ್ಪು ನನ್ನದಿತ್ತು, ಅರ್ಧ.

ಇನ್ನರ್ಧ ಯಾರದೆಂದು ಪ್ರೆಸ್ಸಿನಲ್ಲಿ ಯಾರಿಗೂ ಬೇಕಿರಲಿಲ್ಲ. ನಾನು ಹೋದ ಕೂಡಲೇ ಯಜಮಾನರು, "ಇನ್ಮೇಲೆ ನೀವು ಮಡಿಕೆ ಮೇಜಲ್ಲೇ ಕೂತ್ಕೊಳ್ಳಿ ಅಕ್ಕ. ಶುಗರ್ ಇರೋರನ್ನ ಬ್ಲೇಡ್ ಹತ್ರ ನಿಲ್ಲಿಸಕ್ಕಾಗಲ್ಲ" ಎಂದರು.

"ಎರಡು ವಾರ ಕೂರ್ತೀನಿ. ಆಮೇಲೆ ನನ್ನ ಜಾಗಕ್ಕೆ ಹೋಗ್ತೀನಿ."

"ಮೇಸ್ತ್ರಿನೂ ಅದೇ ಹೇಳ್ತಿದ್ದಾರೆ. ಕೈ ನಡುಗೋರಿಗೆ ಆ ಯಂತ್ರ ಬೇಡ ಅಂತ."

ನಾನು ಮೇಸ್ತ್ರಿಯ ಕಡೆ ನೋಡಿದೆ. ಮೂವತ್ತು ವರ್ಷದಿಂದ ಪ್ರೆಸ್ಸಿನಲ್ಲಿರುವ ಮನುಷ್ಯ, ನನ್ನ ರಟ್ಟೆ ಹಿಡಿದು ನಡೆಸಿದ್ದವನು, ಈಗ ಶಾಯಿಯ ಡಬ್ಬಿಯೊಳಗೆ ಏನೋ ಹುಡುಕುತ್ತಿದ್ದ. 

ಮನೆಯಲ್ಲಿ ಮಗಳದ್ದು ಬೇರೆ ರಾಗ. ಹಳೆಯ ಮಾತ್ರೆಯ ಪಟ್ಟಿಗಳನ್ನೆಲ್ಲ ಔಷಧಿ ಅಂಗಡಿಗೆ ವಾಪಸು ಕೊಟ್ಟು ಬಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಸಾಕು ಕಣಮ್ಮ, ಕೆಲಸ ಬಿಟ್ಬಿಡು. ಯಾರಿಗೆ ಏನು ಸಾಧಿಸಿ ತೋರಿಸ್ಬೇಕು?"

"ನಿನಗೆ ನೆಗಡಿ ಬಂದ್ರೆ ಮೂಗು ಕಿತ್ತಿಡ್ತೀಯಾ?" ಎಂದೆ. ಮುಖ ಊದಿಸಿಕೊಂಡು ಒಳಗೆ ಹೋದವಳು ಸಂಜೆ ಸಕ್ಕರೆ ನೋಡುವ ಪುಟ್ಟ ಯಂತ್ರ ಹಿಡಿದುಕೊಂಡು ಬಂದಳು. ಅವಳೂ ನನ್ನ ಮಗಳೇ ತಾನೆ.

ಎರಡು ವಾರ ಮಡಿಕೆ ಮೇಜಿನಲ್ಲಿ ಕೂತೆ. ಕಾಗದ ಮಡಿಸುವುದು ಕೀಳು ಕೆಲಸವಲ್ಲ, ಆದರೆ ನನ್ನದಲ್ಲ. ಆಚೆ ಬ್ಲೇಡು ಬೀಳುವ ಸದ್ದು ಕೇಳಿದಾಗಲೆಲ್ಲ, ಬೇರೆ ಯಾರೋ ನನ್ನ ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ ಆಗುತ್ತಿತ್ತು. ದಿನಾ ನಾಲ್ಕು ಸಲ ಬೆರಳು ಚುಚ್ಚಿಕೊಂಡೆ, ನಾಲ್ಕು ಸಲ ಬರೆದೆ. ಒಂದೇ ಮಾತ್ರೆ, ಹೊತ್ತಿಗೆ ಸರಿಯಾಗಿ ಊಟ. ಸಂಖ್ಯೆ ಒಮ್ಮೆಯೂ ಎಪ್ಪತ್ತರ ಕೆಳಗೆ ಇಳಿಯಲಿಲ್ಲ. ಡಾಕ್ಟರಮ್ಮ ಅದನ್ನೆಲ್ಲ ನೋಡಿ ಪತ್ರ ಬರೆದುಕೊಟ್ಟರು: ಕೆಲಸ ಮಾಡಬಹುದು, ಯಂತ್ರಕ್ಕೆ ನಿಲ್ಲುವ ಮುಂಚೆ ಸಕ್ಕರೆ ನೋಡಿಕೊಳ್ಳಬೇಕು, ಊಟ ತಪ್ಪಬಾರದು.

ಯಜಮಾನರು ಪತ್ರ ಓದಿ ತಮ್ಮದೊಂದು ಕಾಗದ ಮುಂದೆ ತಳ್ಳಿದರು. ಯಂತ್ರದ ಬಳಿ ಏನೇ ಅನಾಹುತವಾದರೂ ಅದಕ್ಕೆ ನಾನೊಬ್ಬಳೇ ಹೊಣೆ ಎಂದು ಅಚ್ಚಾಗಿತ್ತು. ಕೆಳಗೆ ನನ್ನ ಸಹಿಗೆ ಜಾಗ.

"ಸಹಿ ಹಾಕ್ತೀನಿ. ಮೇಲೆ ಒಂದು ಸಾಲು ಸೇರಿಸಿ. ದಿನಾ ಒಂದು ಗಂಟೆಗೆ ಊಟಕ್ಕೆ ಬಿಡ್ತೀವಿ ಅಂತ. ನೀವೂ ಸಹಿ ಹಾಕಿ."

"ಅದೆಲ್ಲ ಬರ್ಕೊಡಕ್ಕಾಗುತ್ತಾ ಅಕ್ಕ?"

"ನನ್ನ ಕೈ ಹೋದ್ರೆ ನಾನೇ ಹೊಣೆ ಅಂತ ಬರೀಬಹುದು, ಊಟದ ಹೊತ್ತು ಬರೆಯಕ್ಕಾಗಲ್ವಾ?"

ಅವರು ಕಾಗದವನ್ನು ಡ್ರಾಯರಿನೊಳಗೆ ಹಾಕಿದರು. ಸಹಿ ಅವರೂ ಹಾಕಲಿಲ್ಲ, ನಾನೂ ಹಾಕಲಿಲ್ಲ. ನಾನು ನೆಟ್ಟಗೆ ಹೋಗಿ, ಬೆರಳು ಚುಚ್ಚಿ ನೋಡಿಕೊಂಡು, ನನ್ನ ಯಂತ್ರದ ಮುಂದೆ ನಿಂತೆ. ಯಾರೂ ತಡೆಯಲಿಲ್ಲ.

ಮೂರು ದಿನ ಎಲ್ಲವೂ ನೆಟ್ಟಗಿತ್ತು. ನಾಲ್ಕನೆಯ ದಿನ ಮತ್ತೆ ಅವಸರದ ಕೆಲಸ ಬಂತು. ಸರಕು ಒಯ್ಯುವ ವ್ಯಾನು ಬಾಗಿಲಲ್ಲೇ ಎಂಜಿನ್ ಆರಿಸದೆ ನಿಂತಿತ್ತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆಯಾಯಿತು. ಇನ್ನೂ ನಾಲ್ಕು ಕಟ್ಟು ಬಾಕಿ ಇತ್ತು. ನಾನು ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದೆ.

"ಅಕ್ಕಾ! ಹತ್ತೇ ನಿಮಿಷ!"

"ಆಗಲ್ಲ ಸರ್. ಬೆಳಿಗ್ಗೆ ಮಾತ್ರೆ ನುಂಗಿದ್ದೀನಿ. ಬಾಗಿಲಲ್ಲಿ ವ್ಯಾನ್ ನಿಂತಿದೆ ಅಂತ ಅದು ಕಾಯಲ್ಲ."

"ಎಲ್ಲರೂ ನಿಮ್ಮ ಥರ ಮಾಡಿದ್ರೆ ಪ್ರೆಸ್ ಬಾಗಿಲು ಹಾಕ್ಬೇಕಷ್ಟೆ. ಈಗ ಯಂತ್ರ ಹಾಕಿ, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ."

ಕಾಲು ನಡುಗಿತು. ಸಕ್ಕರೆ ಇಳಿದು ನಡುಗಿದ್ದಲ್ಲ, ಹೆದರಿಕೆಗೆ ನಡುಗಿದ್ದು. ಈಗ ವ್ಯತ್ಯಾಸ ನನಗೆ ಗೊತ್ತು. ಆದರೂ ಹೋಗಿ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದೆ. "ನಾಳೆ ಮಾತು ನಾಳೆಗಿರ್ಲಿ. ಇವತ್ತು ಒಂದು ಗಂಟೆ ಆಯ್ತು" ಎಂದೆ.

ಆಗ ಮುದ್ರಣ ಯಂತ್ರವೂ ನಿಂತಿತು. ಇಡೀ ಪ್ರೆಸ್ಸು ಕಿವಿ ಕಿವುಡಾದ ಹಾಗೆ ತಣ್ಣಗಾಯಿತು. ಮೇಸ್ತ್ರಿ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತ, ಡಬ್ಬಿ ತೆಗೆದ, ಆಮೇಲೆ ಅಂಗಿಯ ಜೇಬಿನಿಂದ ಮಾತ್ರೆಯ ಎರಡು ಪಟ್ಟಿ ತೆಗೆದು ಎಲ್ಲರೂ ನೋಡುವ ಹಾಗೆ ಬೆಂಚಿನ ಮೇಲಿಟ್ಟ.

"ಒಂಬತ್ತು ವರ್ಷ ಆಯ್ತು ಸರ್ ನನಗೆ" ಎಂದ ಯಜಮಾನರಿಗೆ. "ಬಚ್ಚಲಲ್ಲಿ ನಿಂತ್ಕೊಂಡು ನುಂಗ್ತಿದ್ದೆ. ಗೊತ್ತಾದ್ರೆ ನನ್ನೂ ಯಂತ್ರದಿಂದ ಇಳಿಸ್ತೀರಿ ಅಂತ. ಇಳಿಸೋದಾದ್ರೆ ಇಬ್ಬರನ್ನೂ ಇಳಿಸಿ."

 ನಾನು ಸಿಟ್ಟಿನಿಂದ ಮೇಸ್ತ್ರಿಯ ಕಡೆ ತಿರುಗಿದೆ. "ಒಂಬತ್ತು ವರ್ಷ ಬಾಯಿ ಹೊಲ್ಕೊಂಡಿದ್ದು, ನನ್ನ ಮೇಲೆ ಚಾಡಿ ಹೇಳಕ್ಕೆ ಮಾತ್ರ ಬಾಯಿ ಬಿಟ್ಯಾ? ನಾಚಿಕೆ ಆಗ್ಬೇಕು ನಿನಗೆ!"

"ಹೆದರಿಕೆ ಕಣಕ್ಕ" ಎಂದು ಮಾತ್ರೆ ಬಿಡಿಸಲು ಹೊರಟ. ಬೈಯುತ್ತಲೇ ಪಟ್ಟಿಗಳನ್ನು ಕಸಿದುಕೊಂಡೆ. ಸಣ್ಣ ಅಕ್ಷರ ಓದುವುದೇ ನಮ್ಮ ಹೊಟ್ಟೆಪಾಡು. ಆದರೂ ತನ್ನ ಮಾತ್ರೆಯ ಹಿಂದಿನ ಸಣ್ಣ ಅಕ್ಷರ ಅವನು ಓದಿರಲಿಲ್ಲ. ದೊಡ್ಡ ಹೆಸರು ಬೇರೆ ಬೇರೆ. ಕೆಳಗೆ ಎರಡರಲ್ಲೂ ಒಂದೇ ಔಷಧಿಯ ಹೆಸರು.

"ಇವೆರಡನ್ನೂ ಒಬ್ಬರೇ ಡಾಕ್ಟರ್ ಬರೆದ್ರಾ?"

"ಇಲ್ಲ. ಒಂದು ಹಳೇ ಡಾಕ್ಟರು. ಇನ್ನೊಂದು ಹೋದ ತಿಂಗಳು ಬೇರೆಯವರು. ಯಾಕೆ?"

ಅವನ ಹಣೆಯ ಮೇಲೆ ಆಗಲೇ ಬೆವರಿತ್ತು. ಬೆಂಚಿನ ಮೇಲಿದ್ದ ಅವನ ಬೆರಳು ಸಣ್ಣಗೆ ನಡುಗುತ್ತಿದ್ದವು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪುಟ್ಟ ಯಂತ್ರ ತೆಗೆದು ಅವನ ಬೆರಳು ಚುಚ್ಚಿದೆ. ಐವತ್ತೊಂಬತ್ತು.

"ಸಕ್ಕರೆ ನೀರು ತಗೊಂಡು ಬನ್ನಿ ಸರ್" ಎಂದೆ ಯಜಮಾನರಿಗೆ. "ನೀವೇ. ಬೇಗ. ಆಮೇಲೆ ಡಾಕ್ಟರಮ್ಮಂಗೆ ಫೋನ್ ಮಾಡಿ."

ಅವರು ಒಮ್ಮೆ ಅವನ ಕೈ ನೋಡಿದರು, ಒಮ್ಮೆ ಅವನು ಆಗಷ್ಟೇ ಬಿಟ್ಟು ಬಂದಿದ್ದ ಯಂತ್ರದ ಉರುಳೆಗಳನ್ನು ನೋಡಿದರು. ಓಡಿದರು. ನೀರು ತಂದು ತಾವೇ ಕುಡಿಸಿದರು. ಲೋಟ ಖಾಲಿಯಾದ ಮೇಲೆ ಡಾಕ್ಟರಮ್ಮನಿಗೆ ಫೋನ್ ಮಾಡಿ, ಬಾಗಿಲಿಗೆ ಹೋಗಿ ವ್ಯಾನಿನವನಿಗೆ, "ಎಂಜಿನ್ ಆಫ್ ಮಾಡಪ್ಪ. ಇವರ ಊಟ ಆಗ್ಬೇಕು" ಎಂದರು.