ಅಂಗಡಿಯಲ್ಲೇ ಇದ್ದ ಅರ್ಜಿ

ಕಾಲೇಜು ರಸ್ತೆಯ ತಿರುವಿನಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಬೈಂಡಿಂಗ್, ಲ್ಯಾಮಿನೇಷನ್ ಎಲ್ಲವೂ ಅಲ್ಲೇ. ಅಂಗಡಿಯವರಿಗೆ ಹುಡುಗರು ಇಟ್ಟ ಹೆಸರು ‘ಯಾಕಪ್ಪ’. ಎದುರಿಗೆ ಯಾರು ಬಂದು ನಿಂತರೂ ಅವರ ಮೊದಲ ಮಾತು ಅದೇ. “ಒಂದೇ ಹಾಳೆಗೆ ಆರು ಪ್ರತಿ, ಯಾಕಪ್ಪಾ?” “ಫೋಟೋದಲ್ಲಿ ಮುಖ ಗಂಟಿಕ್ಕಿದ್ದೀಯಲ್ಲ, ಯಾಕಪ್ಪಾ?” ದಿನಕ್ಕೆ ಹತ್ತು ಪ್ರಶ್ನೆ ಕೇಳದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ.

ಹೆಂಡತಿ ಒಳಕೋಣೆಯಲ್ಲಿ ಕುಳಿತು ಪುಸ್ತಕಗಳ ಬೆನ್ನು ಹೊಲಿಯುತ್ತಾರೆ. ಮಗಳು ಆಗ ಪದವಿಯ ಕೊನೆಯ ವರ್ಷದಲ್ಲಿದ್ದಳು, ಗಣಿತದ ವಿದ್ಯಾರ್ಥಿನಿ. ಸಂಜೆಯಾದರೆ ಕೆಟ್ಟುಹೋದ ಜೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಟೀಚರ್ ಆಗಬೇಕೆಂಬುದು ಅವಳ ಒಂದೇ ಆಸೆ. ಆದರೆ ಪದವಿ ಮುಗಿದ ಮೇಲೆ ಎರಡು ವರ್ಷ ತರಬೇತಿ ಇದೆಯಲ್ಲ, ಅದರ ಶುಲ್ಕಕ್ಕೆ ಮನೆಯಲ್ಲಿ ದಾರಿಯಿರಲಿಲ್ಲ.

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಪುಟ್ಟಿ,” ಎಂದರು ಯಾಕಪ್ಪ ಒಂದು ದಿನ. “ಪರೀಕ್ಷೆ ಮುಗೀಲಿ, ಅಂಗಡೀಲಿ ಕೂತ್ಕೋ. ಯಂತ್ರ ನಿನಗೇನು ಹೊಸದಲ್ಲ.”

ಮಾರನೆಯ ಸಂಜೆ ಮಕ್ಕಳು ಬಂದಾಗ ಮಗಳು “ಇವತ್ತು ಬೇಡ, ಹೋಗಿ” ಎಂದು ಕಳುಹಿಸಿಬಿಟ್ಟಳು. ಅದರ ಮಾರನೆಯ ದಿನವೂ ಹಾಗೇ.

ಸೋಮವಾರ ಕಾಲೇಜಿನ ಗ್ರಂಥಪಾಲಕಿ ಬೈಂಡಿಂಗಿಗೆಂದು ಹರಿದ ಪುಸ್ತಕಗಳ ಕಟ್ಟು ಹೊತ್ತು ಬಂದರು. ಕಟ್ಟು ಇಳಿಸಿದವರ ಕಣ್ಣು ಯಂತ್ರದ ಪಕ್ಕದಲ್ಲಿದ್ದ ಹಾಳೆಗಳ ಮೇಲೆ ಬಿತ್ತು.

“ಅಣ್ಣಾ, ಇವು ನಮ್ಮ ಕಾಲೇಜಿನವರು ಪ್ರತಿ ತೆಗೆಸಿದ ಅರ್ಜಿ ಅಲ್ವಾ?”

“ಹೌದು ತಾಯಿ. ನೂರು ಕೇಳಿದ್ರು, ಕೈತಪ್ಪಿ ಹನ್ನೆರಡು ಜಾಸ್ತಿ ಬಂತು.”

“ಮಗಳದು ತುಂಬಿ ಆಯ್ತಾ?”

“ನನ್ನ ಮಗಳದಾ? ಯಾಕೆ?”

“ಯಾಕೆ ಅಂದ್ರೆ! ಟೀಚರ್ ಆಗೋಕೆ ಓದೋ ಮಕ್ಕಳಿಗೆ ವಿದ್ಯಾರ್ಥಿವೇತನ ಇದು. ನೀವು ಓದೇ ಇಲ್ವಾ?”

ಯಾಕಪ್ಪ ಗಂಭೀರವಾಗಿ ತಲೆಯಾಡಿಸಿದರು. “ಕೆಲಸಕ್ಕೆ ಬಂದ ಕಾಗದ ನಾವು ಓದಲ್ಲ ತಾಯಿ. ಅಚ್ಚು ಸೊಟ್ಟ ಬಂದಿದೆಯಾ ಅಂತ ನೋಡ್ತೀವಿ, ಅಷ್ಟೇ. ಕೇಳೋದು ಬೇರೆ, ಓದೋದು ಬೇರೆ.”

“ದೀಪದ ಬುಡದಲ್ಲಿ ಕತ್ತಲು ಅಂದ್ರೆ ಇದೇ ನೋಡಿ!” ಗ್ರಂಥಪಾಲಕಿ ನಕ್ಕುಬಿಟ್ಟರು. “ಕಾಲೇಜಿನ ಫಲಕದಲ್ಲೂ ಹಾಕಿದ್ರು. ನಿಮ್ಮ ಹುಡುಗಿ ಅದರ ಮುಂದೆ ನಿಂತು ಓದ್ತಾ ಇದ್ದದ್ದನ್ನ ನಾನೇ ನೋಡಿದ್ದೆ.”

ಹಾಗಾದರೆ ಮಗಳಿಗೆ ಗೊತ್ತಿತ್ತು. ಗೊತ್ತಿದ್ದೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ‘ಅಂಗಡೀಲಿ ಕೂತ್ಕೋ’ ಎಂದು ಅಪ್ಪ ಹೇಳಿಯಾದ ಮೇಲೆ ಇನ್ನೇನು ಕೇಳುವುದು? ಯಾಕಪ್ಪನವರಿಗೆ ಇದು ಚುರುಕ್ಕೆಂದಿತು. ಊರವರನ್ನೆಲ್ಲ ಯಾಕಪ್ಪಾ ಎಂದು ಕೇಳುವ ಮನುಷ್ಯ ಮಗಳನ್ನು ಕೇಳುವುದನ್ನೇ ಮರೆತಿದ್ದರು.

ಆದರೂ ಅನುಮಾನ ಬಿಡಬೇಕಲ್ಲ. “ಬಿಟ್ಟಿ ದುಡ್ಡು ಯಾರು ಕೊಡ್ತಾರೆ? ಇದರಲ್ಲಿ ಏನೋ ಕೊಕ್ಕೆ ಇರಬೇಕು.”

“ಕೊಕ್ಕೆ ಅಲ್ಲ, ಷರತ್ತು ಇದೆ. ಓದು ಮುಗಿದ ಮೇಲೆ ಟೀಚರ್ ಇಲ್ಲದ ಶಾಲೇಲಿ ಮೂರು ವರ್ಷ ಪಾಠ ಮಾಡ್ಬೇಕು. ಒಪ್ಕೊಂಡು ಆಮೇಲೆ ಹೋಗದಿದ್ರೆ ಹಣ ವಾಪಸ್ ಕಟ್ಬೇಕು. ಎಲ್ಲ ವಿದ್ಯಾರ್ಥಿವೇತನವೂ ಹೀಗಿರಲ್ಲ, ಒಂದೊಂದಕ್ಕೆ ಒಂದೊಂದು ನಿಯಮ. ಅದಕ್ಕೇ ಪೂರ್ತಿ ಓದಿ ಆಮೇಲೆ ಸಹಿ ಹಾಕ್ಬೇಕು ಅನ್ನೋದು.”

ಒಳಗಿನಿಂದ ಹೆಂಡತಿ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದರು, “ನಮ್ಮ ಹುಡುಗಿ ಏನು ರ‍್ಯಾಂಕ್ ಬಂದವಳಾ? ಇದೆಲ್ಲ ನಮ್ಮಂಥವರಿಗೆ ಸಿಗುತ್ತಾ?”

“ರ‍್ಯಾಂಕ್ ಬೇಕು ಅಂತ ಎಲ್ಲಿ ಬರೆದಿದೆ ಅಕ್ಕಾ? ಎಷ್ಟು ಅಂಕ ಬೇಕು ಅಂತ ಇಲ್ಲೇ ಇದೆ, ಅವಳಿಗೆ ಅದಕ್ಕಿಂತ ಜಾಸ್ತಿನೇ ಇದೆ. ಸಿಗೋದು ಬಿಡೋದು ಅವರು ಹೇಳ್ಲಿ. ನಾವೇ ಯಾಕೆ ಮೊದಲೇ ಇಲ್ಲ ಅನ್ಬೇಕು?”

“ಯಾರಿಗಾದ್ರೂ ಕೈ ಬೆಚ್ಚಗೆ ಮಾಡ್ಬೇಕಾ?” ಯಾಕಪ್ಪ ಕೇಳಿದರು.

“ಬಿಡಿಗಾಸು ಕೊಡಬೇಡಿ! ನಾನು ಮಾಡಿಸಿಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಬಾಗಿಲಲ್ಲೇ ಕಳಿಸಿ. ಅನುಮಾನ ಇದ್ರೆ ಕಾಲೇಜಿನ ಕಚೇರೀಲಿ ಕೇಳಿ. ಆದ್ರೆ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಕೊನೆ, ನೆನಪಿರಲಿ.”

ಗ್ರಂಥಪಾಲಕಿ ಹೋದರು. ಯಾಕಪ್ಪನವರ ತಲೆಗೆ ಹುಳ ಬಿಟ್ಟಂತಾಯಿತು. ಯಂತ್ರ ನಿಲ್ಲಿಸಿ ಅರ್ಜಿ ಹಿಡಿದು ಕುಳಿತರು. ಮಗಳು ಕಾಲೇಜಿನಿಂದ ಬರುವ ಹೊತ್ತಿಗೆ ಆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಹದಿನಾಲ್ಕು ಪ್ರಶ್ನೆ ಬರೆದಿದ್ದರು.

“ಯಾರ ಅರ್ಜಿ ಅಪ್ಪಾ?”

“ನಿನ್ನದೇ. ಬಾ ಕೂತ್ಕೋ. ಈ ಮೂರು ವರ್ಷದ ಷರತ್ತು, ನಿನಗೆ ಒಪ್ಪಿಗೇನಾ?”

ಮಗಳ ಕಣ್ಣು ತುಂಬಿ ಬಂತು. “ಒಪ್ಪಿಗೆ ಅಪ್ಪಾ. ಫಲಕದಲ್ಲಿ ಓದಿದ ದಿನವೇ ಒಪ್ಕೊಂಡಿದ್ದೆ.”

ಎರಡು ದಿನದಲ್ಲಿ ಅಂಕಪಟ್ಟಿಯ ಪ್ರತಿ, ಆದಾಯ ಪ್ರಮಾಣಪತ್ರ, ಅವಳ ಹೆಸರಿನ ಬ್ಯಾಂಕ್ ಖಾತೆಯ ವಿವರ ಎಲ್ಲ ಸೇರಿದವು. ಹೊಸ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ತುಂಬಿದಳು. ಇಷ್ಟಾದ ಮೇಲೆ ನಮ್ಮ ಯಾಕಪ್ಪ ಸುಮ್ಮನಿರುತ್ತಾರೆಯೇ? ಮಗಳ ಅರ್ಜಿಗೆ ಮಸಿ ತಾಗಬಾರದು, ಮಡಿಕೆ ಬೀಳಬಾರದು. ಬುಧವಾರ ಅವಳಿಲ್ಲದಾಗ ಅದಕ್ಕೆ ಲ್ಯಾಮಿನೇಷನ್ ಮಾಡಿ ಚೀಲದಲ್ಲಿಟ್ಟರು. ಅದೂ ದಪ್ಪನೆಯ ಪ್ಲಾಸ್ಟಿಕ್ಕಿನಲ್ಲಿ.

ಗುರುವಾರ ಹನ್ನೆರಡು ಗಂಟೆಗೆ ಅಪ್ಪ ಮಗಳು ಕಚೇರಿಯ ಕಿಟಕಿಯ ಮುಂದೆ ನಿಂತರು. ಮಗಳು ಚೀಲದಿಂದ ಅರ್ಜಿ ತೆಗೆದವಳು ಬೆಪ್ಪಾದಳು. ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿದರು.

“ಇದೇನ್ರೀ, ಅರ್ಜಿಗೆ ರೇನ್‌ಕೋಟ್ ಹಾಕಿಸಿದ್ದೀರಾ? ಕೆಳಗೆ ಪ್ರಾಂಶುಪಾಲರ ಸಹಿ, ಮೊಹರು ಬೀಳಬೇಕು. ಪ್ಲಾಸ್ಟಿಕ್ ಮೇಲೆ ಹೇಗೆ ಬೀಳುತ್ತೆ?”

ಯಾಕಪ್ಪನವರ ಮುಖ ಸುಣ್ಣವಾಯಿತು. “ಬೇರೆ ಅರ್ಜಿ ಕೊಡಿ ಸ್ವಾಮೀ.”

“ಎಲ್ಲ ಖಾಲಿ. ಗಂಟೆ ನೋಡಿ.”

ನಡೆದರೆ ಕಾಲು ಗಂಟೆಯ ದಾರಿ. ಯಾಕಪ್ಪ ಓಡಿದರು, ಐವತ್ತೆರಡರ ವಯಸ್ಸಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು. ಉಳಿದ ಅರ್ಜಿಗಳಲ್ಲಿ ಎರಡು ಎತ್ತಿಕೊಂಡು ತಿರುಗಿ ಓಡಿದರು. ಮಗಳು ಗೋಡೆಗೆ ಹಾಳೆ ಒತ್ತಿ ಹಿಡಿದು ಮೊದಲಿನಿಂದ ತುಂಬಿದಳು. ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಪ್ರಾಂಶುಪಾಲರ ಮೇಜಿನ ಮುಂದೆ ಇಬ್ಬರೂ ನಿಂತಿದ್ದರು.

ಮೊಹರು ಬಿತ್ತು. ಏದುಸಿರು ಬಿಡುತ್ತಲೇ ಯಾಕಪ್ಪ ಬಾಯಿ ತೆರೆದರು. “ಮೇಡಂ, ಒಂದು ಕೇಳ್ಲಾ? ನನ್ನ ಮಗಳು ಟೀಚರ್ ಆದ್ರೆ ಆ ದುಡ್ಡು ಕೊಟ್ಟೋರಿಗೆ ಏನು ಸಿಗುತ್ತೆ?”

ಪ್ರಾಂಶುಪಾಲರು ಪೆನ್ನು ಕೆಳಗಿಟ್ಟರು. “ನಿಮ್ಮ ಅಂಗಡಿಗೆ ಬರೋ ಗಿರಾಕಿಗಳಲ್ಲಿ ಕೆಲವರು ಎಷ್ಟಾಯ್ತು ಅಂತ ಲೆಕ್ಕ ಹಾಕೋಕೆ ಬರದೆ, ಜೇಬಿನಲ್ಲಿ ಇರೋದನ್ನೆಲ್ಲ ಮುಂದಿಟ್ಟು ‘ನೀವೇ ತಗೊಳ್ಳಿ’ ಅಂತಾರಾ?”

“ಅಂತಾರೆ. ದೊಡ್ಡ ದೊಡ್ಡ ಹುಡುಗರೂ ಅಂತಾರೆ.”

“ಅವರು ಓದಿದ ಶಾಲೇಲಿ ಗಣಿತಕ್ಕೆ ಟೀಚರ್ ಇದ್ರೋ ಇಲ್ವೋ ಅಂತ ಯಾವತ್ತಾದ್ರೂ ಕೇಳಿದ್ದೀರಾ?”

“ಅದೊಂದನ್ನ ಕೇಳೇ ಇಲ್ಲ ಮೇಡಂ,” ಎಂದರು ಯಾಕಪ್ಪ. ಆಮೇಲೆ ಮಗಳ ಕಡೆ ತಿರುಗಿ ಹೇಳಿದರು, “ಪುಟ್ಟಿ, ದುಡ್ಡು ಸಿಗಲಿ ಬಿಡಲಿ, ನೀನು ಟೀಚರ್ ಆಗಬೇಕು. ಇದು ಆಗದಿದ್ರೆ ಇನ್ನೊಂದು ಅರ್ಜಿ ಹುಡುಕೋಣ.”

ಇನ್ನೊಂದು ಹುಡುಕಬೇಕಾಗಲಿಲ್ಲ. ಏಳು ವಾರಕ್ಕೆ ಆಯ್ಕೆಯ ಪತ್ರ ಬಂತು. ಅವಳೀಗ ತರಬೇತಿಯ ಮೊದಲ ವರ್ಷದಲ್ಲಿದ್ದಾಳೆ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲೂ ಪಾಠ ಹೇಳುವ ಆಸೆ ಹೊತ್ತವರು ಇರಬಹುದು, ಕೇಳಲು ಹಿಂಜರಿದು ಸುಮ್ಮನಿರಬಹುದು. ಇವತ್ತೇ ಅವರನ್ನು ಕೇಳಿ. ನಾಳೆ ಕಾಲೇಜಿನ ಕಚೇರಿಗೆ ಜೊತೆಯಲ್ಲಿ ಹೋಗಿ, ಯಾವ ವಿದ್ಯಾರ್ಥಿವೇತನ ಇದೆ, ಕೊನೆಯ ದಿನ ಯಾವುದು, ಷರತ್ತು ಏನು ಎಂದು ವಿಚಾರಿಸಿ. ಸಂಕೋಚ ಬೇಡ. ನಿಮ್ಮ ಮಗಳೋ ಮಗನೋ ಬರಲಿ ಎಂದು ಎಲ್ಲೋ ಒಂದು ತರಗತಿಯ ಮಕ್ಕಳು ಬಾಗಿಲ ಕಡೆ ನೋಡುತ್ತಾ ಕುಳಿತಿದ್ದಾರೆ.