ಬಲಗಡೆಯ ದೀಪ

ಮೊಹಿನುದ್ದೀನ್ ವಕೀಲರ ಮೋಟಾರಿಗೆ ಇದ್ದದ್ದು ಎರಡೇ ಸೀಟು. ಮೇಲೆ ಚಾವಣಿಯಿಲ್ಲ, ಮೂತಿ ಮಾತ್ರ ಮಾರುದ್ದ. ದೇಶ ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಸಿಕಂದರಾಬಾದಿನಲ್ಲಿ ಕೊಂಡ ಓಟದ ಗಾಡಿ ಅದು. ರಸ್ತೆಗಿಳಿದರೆ ಕಲ್ಯಾಣಿಯಿಂದ ಹುಮನಾಬಾದಿನವರೆಗೆ ಹೊಲದಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಆದರೆ ೧೯೪೯ರ ಬೇಸಿಗೆಯಲ್ಲಿ ಪೆಟ್ರೋಲು ಸಿಗದೆ, ಹುಮನಾಬಾದಿನಲ್ಲಿ ವಕೀಲರ ಅಕ್ಕನ ಮನೆಯ ಮುಂದಿನ ಬೇವಿನ ನೆರಳಲ್ಲಿ ನಿಂತುಬಿಟ್ಟಿತ್ತು. ವಕೀಲರು ಮೊಕದ್ದಮೆಯೊಂದರ ಮೇಲೆ ಹೈದರಾಬಾದಿಗೆ ಹೋಗಿ ಎರಡು ತಿಂಗಳಾಗಿತ್ತು. ಡ್ರೈವರ್ ಕಾಸಿಂ ದಿನಾ ಬಂದು ಗಾಡಿ ಒರೆಸಿ ಹೋಗುತ್ತಿದ್ದ.

ಒಂದು ಸಂತೆಯ ದಿನ ಅವನು ನಮಾಜಿಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಗಾಲಿಯ ಬೆಳ್ಳಿಬಣ್ಣದ ಮುಚ್ಚಳ ಇರಲಿಲ್ಲ. ಮುಂದಿನ ಸಂತೆಗೆ ಪಕ್ಕದ ಕನ್ನಡಿ ಹೋಯಿತು. ಮೂರನೆಯ ಸಂತೆಗೆ ಬಲಗಡೆಯ ದೊಡ್ಡ ದೀಪವೇ ಮಾಯ. ಕಣ್ಣು ಕಿತ್ತ ಮುಖದಂತಿದ್ದ ಗಾಡಿಯ ಮುಂದೆ ಕಾಸಿಂ ಕುಸಿದು ಕುಳಿತ. ಹದಿನೈದು ವರ್ಷ ದುಡಿದ ಮನೆ. ಡ್ರೈವರೇ ಬಿಚ್ಚಿ ಮಾರಿಕೊಂಡ ಎಂದು ವಕೀಲರು ತಿಳಿದರೆ?

ನಾಲ್ಕನೆಯ ಸಂತೆಗೆ ಅವನು ಬೆಳಗ್ಗೆಯೇ ಪೇಟೆ ಸುತ್ತತೊಡಗಿದ. ಜೋಳದ ಚೀಲ ಇಳಿಸುತ್ತಿದ್ದ ಒಂದು ಎತ್ತಿನ ಗಾಡಿಯ ಮೂಕಿಗೆ ಹುರಿಯಿಂದ ಕಟ್ಟಿದ ಕನ್ನಡಿ ಫಳಫಳ ಹೊಳೆಯುತ್ತಿತ್ತು. ಅದರ ಅಂಚಿನ ಗೀರು ಕಾಸಿಮನ ಕೈತಪ್ಪಿನಿಂದಲೇ ಆದದ್ದು.

"ಇದು ಎಲ್ಲಿಂದ ಬಂತೋ ಮುದುಕಾ?"

ಗಾಡಿಯವನು ರಾಜೇಶ್ವರದ ಬಕ್ಕಪ್ಪ. ಅರವತ್ತು ದಾಟಿದವನು. ಅವನು ಓಡಲೂ ಇಲ್ಲ, ಸುಳ್ಳು ಹೇಳಲೂ ಇಲ್ಲ. "ನಿಮ್ ಮೋಟಾರಿಂದೇ ಅದರಿ, ಸಾಬ್ರ," ಎಂದು ತಲೆ ತಗ್ಗಿಸಿದ.

"ದೀಪ ಎಲ್ಲಿ?"

"ಮನ್ಯಾಗ ಅದರಿ."

"ನಡಿ ಹಂಗಾರ. ದೀಪ ಕೈಗೆ ಬಂದ ಮ್ಯಾಲೆ ಪೊಲೀಸರ ಮಾತು," ಎಂದು ಕಾಸಿಂ ಗಾಡಿ ಹತ್ತಿ ಕುಳಿತ.

ಊರು ದಾಟಿದ ಮೇಲೆ ಬಕ್ಕಪ್ಪನೇ ಬಾಯಿಬಿಟ್ಟ. ಅವನ ಹೆಂಡತಿ ಧೂಳಮ್ಮ ಸೂಲಗಿತ್ತಿ. ಸುತ್ತಲಿನ ಹಳ್ಳಿಗಳ ಅರ್ಧ ಮಕ್ಕಳು ಅವಳ ಕೈಯಲ್ಲೇ ಭೂಮಿಗೆ ಬಂದವು. ಈಗ ಕಣ್ಣು ಮಂಜಾಗಿವೆ. ಬಾಣಂತಿ ಕೋಣೆಗಳಿಗೆ ಕಿಟಕಿಯೇ ಇರುವುದಿಲ್ಲ, ನಡುಹಗಲಲ್ಲೂ ಕತ್ತಲೆ. ಯುಗಾದಿಗೆ ಮುಂಚೆ ಒಂದು ಕೂಸು ಉಸಿರಾಡದೆ ಹೋಯಿತು.

"ನಂಗ ಕಾಣಲಿಲ್ಲ, ಕಂಡಿದ್ರ ಉಳೀತಿತ್ತು ಅಂತ ಎಂಟು ದಿನ ಅತ್ತಾಳ್ರಿ. ನಿಮ್ ಮೋಟಾರು ಬಿಸಿಲಾಗ ಹೊಳ್ಯೋದು ನೋಡ್ದೆ. ಅದರ ಬೆಳಕ ಒಳಗ ಬಿಟ್ರ ಹ್ಯಾಂಗ ಅನ್ನಿಸ್ತು. ಮುಚ್ಚಳ ಒಯ್ದೆ, ಬೆಳಕ ಚದುರಿ ಹೋತು. ಕನ್ನಡಿ ಒಯ್ದೆ, ಅಂಗೈಯಷ್ಟ ಬಿತ್ತು. ಆಮ್ಯಾಲೆ ದೀಪ..." ಬಕ್ಕಪ್ಪ ಎತ್ತಿನ ಬೆನ್ನು ಸವರಿದ. "ಸಾಹೇಬ್ರು ಕೊಟ್ರು ಅಂತ ಅಕಿಗೆ ಹೇಳೀನ್ರಿ. ಜೇಲಿಗೆ ಹಾಕ್ಸಿರಿ, ಆದ್ರ ಅಕಿ ಮುಂದ ಮಾತ್ರ ಅನಬ್ಯಾಡ್ರಿ."

ಎಲ್ಲ ಕಳ್ಳರಿಗೂ ಒಂದು ಕಥೆ ಇರುತ್ತದೆ ಎಂದುಕೊಂಡ ಕಾಸಿಂ.

ರಾಜೇಶ್ವರ ಮುಟ್ಟುವಾಗ ಹೊತ್ತು ನೆತ್ತಿಯಿಂದ ವಾಲಿತ್ತು. ಧೂಳಮ್ಮ ಮನೆಯಲ್ಲಿರಲಿಲ್ಲ. ಕೂಲಿ ಮಾಡುವ ದ್ರೌಪತಿಗೆ ನಿನ್ನೆಯಿಂದ ಬೇನೆ, ದೀಪ ತಗೊಂಡು ಅಲ್ಲಿಗೆ ಹೋಗಿದ್ದಾಳೆ ಎಂದರು ನೆರೆಯವರು. ಇಬ್ಬರೂ ಅತ್ತ ನಡೆದರು. ಹಿಂದಿನ ವರ್ಷದ ಹಿಂದೂ-ಮುಸ್ಲಿಂ ಗಲಭೆಯ ನಂತರ ಕಾಸಿಂ ಯಾವ ಹಳ್ಳಿಯ ಓಣಿಗೂ ಕಾಲಿಟ್ಟಿರಲಿಲ್ಲ. ಅವನ ಟೋಪಿ ನೋಡಿ ಅಂಗಳದಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬ ಹುಡುಗಿ ದೀಪದೊಳಗಿನ ಕನ್ನಡಿಯಂತೆ ಹೊಳೆಯುವ ಬೋಗುಣಿಯನ್ನು ಬಿಸಿಲಿಗೆ ಹಿಡಿದು ಬಾಗಿಲೊಳಗೆ ಬೆಳಕು ಬಿಡಲು ಹೆಣಗುತ್ತಿದ್ದಳು. ಅವಳ ಕೈ ಸೋತಿತ್ತು. ಬೆಳಕು ತೊಲೆಯ ಮೇಲೆ ಕುಣಿಯುತ್ತಿತ್ತು.

"ಕೂಸಿನ ತಲಿ ಕಾಣಾಕತ್ತದ! ಬೆಳಕ ಎಲ್ಲಿ? ಯಾರರ ಸರಿಯಾಗಿ ಹಿಡೀರೇ!" ಒಳಗಿಂದ ಧೂಳಮ್ಮ ಕೂಗಿದಳು.

ಕಾಸಿಂ ಯೋಚಿಸಲಿಲ್ಲ. ಬೋಗುಣಿಯನ್ನು ತನ್ನ ಕೈಗೆ ತೆಗೆದುಕೊಂಡ. ಬಾಗಿಲ ಅರ್ಧಕ್ಕೆ ಸೀರೆ ಕಟ್ಟಿದ್ದರು. ಆದರೂ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತ.

"ಹೇಳಮ್ಮಾ, ಎತ್ತಾಗ ಬಿಡ್ಲಿ?"

ಗಂಡು ದನಿ ಎಂದು ಒಳಗೆ ಯಾರೋ ಗುಸುಗುಟ್ಟಿದರು. ಆಮೇಲೆ ಧೂಳಮ್ಮ ಅಂದಳು, "ಯಾರಾರ ಆಗು ನನ್ನಪ್ಪಾ. ಕೆಳಗ ಇಳಸು. ಇನ್ನೊಂಚೂರು ಎಡಕ್ಕ. ಹಾಂ, ಅಲ್ಲೇ. ಅಲ್ಲಾಡಬ್ಯಾಡ."

ಅವನು ಅಲ್ಲಾಡಲಿಲ್ಲ. ಕಾದ ತಗಡು ಬೆರಳು ಸುಡುತ್ತಿತ್ತು. ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ದ್ರೌಪತಿಯ ಕೂಗು ಕೇಳಿದಾಗೆಲ್ಲ ಹಲ್ಲು ಕಚ್ಚಿ 'ಯಾ ಅಲ್ಲಾ' ಎನ್ನುತ್ತಿದ್ದ.

"ಕೊರಳಿಗೆ ಹೊಕ್ಕಳ ಹುರಿ ಸುತ್ಯಾದ," ಎಂದಳು ಧೂಳಮ್ಮ. ದನಿ ಗಟ್ಟಿಯಾಗಿತ್ತು. "ಕಾಣಾಕತ್ತದ. ನಂಗ ಕಾಣಾಕತ್ತದ."

ಕೊನೆಗೆ ಕೂಸು ಅತ್ತಿತು. ಮೊದಲು ಕೆಮ್ಮಿನಂತೆ, ಆಮೇಲೆ ಓಣಿಗೆಲ್ಲ ಕೇಳುವಂತೆ. ಕಾಸಿಂ ಗೋಡೆಗೆ ಹಣೆ ಒತ್ತಿ, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ.

ಕೈ ತೊಳೆದು ಹೊರಬಂದ ಧೂಳಮ್ಮ ಅವನ ಮುಖದ ಹತ್ತಿರ ಮುಖ ತಂದು ನೋಡಿದಳು. "ದೀಪ ಕೊಟ್ಟ ಸಾಹೇಬ್ರ ಮನಿಯವ್ರೇನ್ರಿ ನೀವು?"

ಹಿಂದೆ ನಿಂತಿದ್ದ ಬಕ್ಕಪ್ಪನ ಮೋರೆ ಬಿಳಿಚಿತು.

"ಹೌದಮ್ಮಾ," ಎಂದ ಕಾಸಿಂ. "ಹ್ಯಾಂಗ ಉಪಯೋಗ ಆಗಾಕತ್ತದ ನೋಡ್ಕೊಂಡು ಹೋಗೋಣಂತ ಬಂದೆ."

ಅವಳು ಎರಡೂ ಕೈಯಿಂದ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. ಬಕ್ಕಪ್ಪ ಮುಚ್ಚಳ, ಕನ್ನಡಿ ಎರಡನ್ನೂ ತಂದು ಕೊಟ್ಟ. ಕಾಸಿಂ ಅವನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಹೊರಟ.

ಹದಿನೈದು ದಿನಕ್ಕೆ ವಕೀಲರು ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಲಗಡೆ ನಿಂತು, "ಕಾಸಿಂ, ಏನಿದು?" ಎಂದರು.

"ನಾನೇ ಕೊಟ್ಟೆ, ಹುಜೂರ್."

"ನನ್ನ ಗಾಡಿದು ಕೊಡಾಕ ನೀ ಯಾರು?"

ಕಾಸಿಂ ಬೀಗದ ಕೈ ತೆಗೆದು ಗಾಡಿಯ ಮೂತಿಯ ಮೇಲಿಟ್ಟ. ಕದ್ದವನ ಹೆಸರು ಹೇಳಲಿಲ್ಲ. ಉಳಿದದ್ದನ್ನೆಲ್ಲ ಹೇಳಿದ: ಕಿಟಕಿಯಿಲ್ಲದ ಕೋಣೆ, ಮುದುಕಿಯ ಕಣ್ಣು, ಕೊರಳಿನ ಹುರಿ. ವಕೀಲರು ಸಾಕ್ಷಿಗಳ ಮಾತು ಕೇಳಿ ಪಳಗಿದವರು. ಎಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಅವರಿಗೆ ತಿಳಿದೇ ಇರಬೇಕು. ಖಾಲಿ ಜಾಗದಲ್ಲಿ ನೇತಾಡುತ್ತಿದ್ದ ತಂತಿಗಳನ್ನು ಬೆರಳಿಂದ ಮುಟ್ಟಿ ನೋಡಿದರು.

"ಕೂಸು ಗಂಡೋ, ಹೆಣ್ಣೋ?"

"ಹೆಣ್ಣು, ಹುಜೂರ್."

"ಹೆಸರೇನಿಟ್ರು?"

"ಇಷ್ಟೊತ್ತಿಗೆ ಇಟ್ಟಿರಬೇಕ್ರಿ. ನಂಗ ಗೊತ್ತಿಲ್ಲ."

ವಕೀಲರು ಬೀಗದ ಕೈಯನ್ನು ಅವನ ಕಡೆಗೇ ಸರಿಸಿದರು. "ಹೋಗಿ ಕೇಳ್ಕೊಂಡು ಬಾ," ಎಂದು ಒಳಗೆ ಹೋದರು.